ಭಟ್ಟಿ ಹತ್ರ ಇದ್ದಾರೆ

ಫೆಬ್ರವರಿ ೩, ಸೋಮವಾರ

ಕೈ ಸುಟ್ಟುಕೊಂಡೆ. ಎಡಗೈ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಬೆರಳುದ್ದದ ಬರೆ.

ಬೇಕರಿಯವಳು ಕೈ ಸುಟ್ಟುಕೊಂಡೆ ಅಂತ ಬರೆಯೋದು ಮೀನು ಒದ್ದೆಯಾದೆ ಅಂದ ಹಾಗೆ, ಗೊತ್ತು. ಆದರೆ ಇಷ್ಟು ವರ್ಷ ನಾನು ಮುಂದೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಹತ್ತಿರ ಬಾಯಿ ಮಾಡಿದವಳು. ಹಿಂದಿನ ಕೋಣೆಯ ಭಟ್ಟಿ ನಮ್ಮನೆಯವರದು. ಅವರು ಬೇಯಿಸೋದು, ನಾನು ಮಾರೋದು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ನಾನು ಉಸಿರಾಡಲಿಕ್ಕೆ ನಿಲ್ಲಿಸಿದರೆ ಹೆಚ್ಚು. ಹಾಗೇ ಸಂಸಾರ ನಡೆದಿತ್ತು. ಚಳಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಮೈದಾ ಮೂಟೆ ಮೇಲೆ ಕೂತವರು ಏಳಲಿಲ್ಲ. ಎದೆ ನಿಂತುಹೋಗಿತ್ತು. ಒಳಗಿದ್ದ ಒಂದು ಟ್ರೇ ಬನ್ನು ಕರಕಲಾಯಿತು. ಆಮೇಲೆ ಭಟ್ಟಿ ಕೆಲಸಕ್ಕೆ ಬಂದವರು ಇಬ್ಬರೂ ನಿಲ್ಲಲಿಲ್ಲ. ಈ ತಿಂಗಳಿಂದ ನಾನೇ.

ಭಟ್ಟಿ ಬಾಗಿಲಿನ ಸ್ಪ್ರಿಂಗ್ ಸತ್ತು ಎಷ್ಟೋ ಕಾಲವಾಯಿತು. ಎಡಗೈಯಲ್ಲಿ ಬಾಗಿಲು ಎತ್ತಿ ಹಿಡಿದು ಬಲಗೈಯಲ್ಲಿ ಟ್ರೇ ಎಳೀಬೇಕು. ಚೂರು ಮೈಮರೆತರೆ ಕಬ್ಬಿಣದ ಅಂಚು ಬಂದು ಕೈಮೇಲೆ ಕೂರುತ್ತೆ. ಕೂತಿತು.

ಹಿಟ್ಟು ಕಲಸೋ ಗುಂಡಣ್ಣ ಟೂತ್‌ಪೇಸ್ಟ್ ಹಿಡಿದು ಓಡಿಬಂದ. ಅಷ್ಟರಲ್ಲಿ ಬ್ರೆಡ್ಡಿಗೆ ಬಂದಿದ್ದ ಎದುರುಮನೆ ನರ್ಸಕ್ಕ ಕೌಂಟರ್ ದಾಟಿ ಒಳಗೇ ನುಗ್ಗಿದಳು. "ಹಲ್ಲುಜ್ಜೋದನ್ನ ಕೈಗೆ ಬಳೀತಾರೇನೋ ಪುಣ್ಯಾತ್ಮ! ನಲ್ಲಿ ಕೆಳಗೆ ಹಿಡಿಯೇ. ಬಳೆ ತೆಗಿ ಮೊದಲು, ಊದಿಕೊಂಡ ಮೇಲೆ ಬರಲ್ಲ." ನಾನು ಐಸ್ ಇಡಲಾ ಅಂದೆ. ಅದಕ್ಕೂ ಬೈದಳು. ಬರೀ ತಣ್ಣೀರು, ಇಪ್ಪತ್ತು ನಿಮಿಷ, ನಡುವೆ ತೆಗೆಯೋ ಹಾಗಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತದ್ದೇ ನನಗೆ ಸುಟ್ಟದ್ದಕ್ಕಿಂತ ದೊಡ್ಡ ಶಿಕ್ಷೆ.

ನೀರಿನ ಕೆಳಗೆ ಕೈ ನೋಡುತ್ತಾ ನಿಂತಾಗ ಕಂಡಿತು. ಅವರ ಕೈಯಲ್ಲಿ ಬರೆ ಇದ್ದದ್ದೂ ಇಲ್ಲೇ. ಇದೇ ಜಾಗ, ಇಷ್ಟೇ ಉದ್ದ. ವರ್ಷಗಟ್ಟಲೆ ಒಂದೇ ಕಡೆ ಸುಟ್ಟು ಸುಟ್ಟು ಅಲ್ಲಿಯ ಚರ್ಮ ಕಪ್ಪಗೆ ದಪ್ಪಗಾಗಿತ್ತು. ಗುಂಡಣ್ಣ ಕೂಡ ನೋಡಿದ. ತಿರುಗಿ ಹಿಟ್ಟಿಗೆ ಕೈ ಹಾಕಿದ.

ಫೆಬ್ರವರಿ ೪, ಮಂಗಳವಾರ

ನೀರುಗುಳ್ಳೆ ಎದ್ದಿದೆ. ಒಡೀಬೇಡ, ಅದೇ ಔಷಧಿ, ಒಳಗೆ ಹೊಸ ಚರ್ಮ ಬರೋವರೆಗೆ ಹೊದಿಕೆ ಅಂತ ನರ್ಸಕ್ಕ ಹೇಳಿದ್ದಾಳೆ. ದಿನಕ್ಕೊಂದ್ಸಲ ಮೆತ್ತಗೆ ತೊಳೆದು, ಒತ್ತಿ ಒರೆಸಿ, ಮುಲಾಮು ಸವರಿ, ಅಂಟದಿರೋ ಗಾಜ್ ಬಟ್ಟೆಯ ಪಟ್ಟಿ ಸಡಿಲವಾಗಿ ಕಟ್ಟೋದು.

ಇವತ್ತು ಆದದ್ದನ್ನ ಯಾರಿಗೂ ಹೇಳಿಲ್ಲ.

ಮಧ್ಯಾಹ್ನದ ಟ್ರೇ ಮುಗಿಸಿ ಅತ್ತೆಗೆ ಚಹಾ ತಗೊಂಡು ಮಹಡಿಗೆ ಹೋದೆ. ಭಟ್ಟಿ ಹತ್ತಿರ ಅವರ ಹಳೇ ಶರ್ಟನ್ನೇ ಮೇಲೆ ಹಾಕಿಕೊಳ್ಳುತ್ತೇನೆ. ಅದನ್ನ ಬಿಚ್ಚಿರಲಿಲ್ಲ. ಅತ್ತೆಗೆ ಕಣ್ಣು ಮಂಜು, ಬೆಳಕು ಕತ್ತಲೆ ಅಷ್ಟೇ ಗೊತ್ತಾಗುತ್ತೆ. ನೆನಪು ಅದಕ್ಕಿಂತ ಮಂಜು. ಮಗ ಹೋದ ಅಂತ ಅವರಿಗೆ ಹೇಳಿರಲಿಲ್ಲ ಅಂತಲ್ಲ. ಹೇಳಿದೆವು. ಎದೆ ಬಡಿದುಕೊಂಡು ಅತ್ತರು. ಮಲಗಿ ಎದ್ದು, "ಮರಿ ಬಂದ್ನಾ?" ಅಂದರು. ಐವತ್ತು ದಾಟಿದ ಗಂಡಸು ಅವರಿಗೆ ಇನ್ನೂ ಮರಿ. ಮತ್ತೆ ಹೇಳಿದೆವು, ಮತ್ತೆ ಎದೆ ಬಡಿದುಕೊಂಡರು. ಕೊನೆಗೆ ನನ್ನ ಮಗಳಿಗೆ ತಡೆಯಲಾಗದೆ, "ಭಟ್ಟಿ ಹತ್ರ ಇದ್ದಾರೆ ಅಜ್ಜಿ" ಅಂದಳು. ಅಜ್ಜಿ "ಓ, ಹಾಗಾ" ಅಂತ ಸುಮ್ಮನಾದರು. ಅವತ್ತಿಂದ ಮನೆಯಲ್ಲಿ ಎಲ್ಲರಿಗೂ ಅದೇ ಪಾಠ. ಭಟ್ಟಿ ಹತ್ರ ಇದ್ದಾರೆ.

ಚಹಾ ಕೊಡುವಾಗ ಅತ್ತೆಯ ಕೈ ನನ್ನ ಕೈಗೆ ತಾಗಿತು. ತಡವಿದರು. ಗಾಜ್ ಸರಿದು ಗುಳ್ಳೆ ಬೆರಳಿಗೆ ಸಿಕ್ಕಿತು. ಮುಖ ಅರಳಿಹೋಯಿತು.

"ಮರೀ! ಮತ್ತೆ ಸುಟ್ಕೊಂಡ್ಯಾ?"

"ಅತ್ತೆ, ನಾನು" ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಹೂಂ" ಅಂದೆ.

ಫೆಬ್ರವರಿ ೭, ಶುಕ್ರವಾರ

ಸುಳ್ಳು ಎಷ್ಟು ಸಲೀಸು. ಅವರು ತಾಯಿ ಹತ್ತಿರವೂ "ಹೂಂ" ಬಿಟ್ಟು ಬೇರೆ ಮಾತಾಡಿದವರಲ್ಲ. ಮಾತಿನಮಲ್ಲ ಗಂಡನಾಗಿದ್ದಿದ್ದರೆ ನನ್ನ ಬಣ್ಣ ಮೊದಲನೇ ದಿನವೇ ಬಯಲಾಗುತ್ತಿತ್ತು. ದಿನಾ ಭಟ್ಟಿ ಆರಿಸಿ ಮೇಲೆ ಬಂದು ತಾಯಿ ಮಂಚದ ಅಂಚಿಗೆ ಕೂತು ಕೈ ಕೊಡೋರು. ತಾಯಿ ಬರೆ ಸವರುತ್ತಾ ಲೋಕದ ಸುದ್ದಿಯೆಲ್ಲಾ ಹೇಳೋರು. ನಾನು ಆಗ ಕೆಳಗೆ ಅಂಗಡಿಯಲ್ಲಿ. ತಾಯಿ ಮಗ ಏನು ಪಿಸುಗುಟ್ಟುತ್ತಾರೋ ಅಂತ ಹೊಟ್ಟೆ ಉರಿದದ್ದೂ ಉಂಟು.

ಈಗ ಗೊತ್ತಾಗುತ್ತಿದೆ. ನನ್ನದೇ ಸುದ್ದಿ!

"ನಿನ್ನ ಹೆಂಡ್ತಿ ಚಹಾ ಅಂತ ಬಿಸಿನೀರು ಕೊಡ್ತಾಳೆ ಕಣೋ." ಹೂಂ. "ಗೊರಕೆ ಹೊಡೀತಾಳೆ, ಗೋಡೆ ಈಚೆಗೆ ಕೇಳುತ್ತೆ." ಹೂಂ. "ಆದ್ರೂ ಬೆನ್ನು ಉಜ್ಜೋಕೆ ಅವಳೇ ಸರಿ. ಬೇರೆಯವರು ಉಜ್ಜಿದ್ರೆ ಪಾತ್ರೆ ತಿಕ್ಕಿದ ಹಾಗಿರುತ್ತೆ." ನಗು ತಡೆಯಲಾರದೆ ತುಟಿ ಕಚ್ಚಿಕೊಂಡೆ.

ಮೇಲೆ ಹೋಗೋ ಮುಂಚೆ ಗಾಜ್ ಬಿಚ್ಚಿ ಹೋಗುತ್ತೇನೆ. ನರ್ಸಕ್ಕನಿಗೆ ಗೊತ್ತಾದರೆ ಸುಮ್ಮನೆ ಬಿಡುವವಳಲ್ಲ.

ಫೆಬ್ರವರಿ ೧೧, ಮಂಗಳವಾರ

"ಅವಳನ್ನೇ ಮದುವೆ ಆಗ್ತೀನಿ ಅಂತ ನೀನು ಹಠ ಹಿಡಿದಾಗ ನಾನು ಬೇಡ ಅಂದಿದ್ದೆ. ಬಾಯಿ ಜೋರು, ನಮ್ಮ ಮನೆಗೆ ಸರಿಹೋಗಲ್ಲ ಅಂದೆ. ಅದಕ್ಕೆ ನೀನು ಏನಂದೆ, ನೆನಪಿದ್ಯಾ?"

ಅತ್ತೆ ಇವತ್ತು ಹೀಗೆ ಕೇಳಿದರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ನನ್ನನ್ನ ಯಾಕೆ ಒಪ್ಪಿದಿರಿ ಅಂತ ಎಷ್ಟು ಸಲ ಕೇಳಿದರೂ ಆ ಮನುಷ್ಯ ಬಾಯಿ ಬಿಡಲಿಲ್ಲ. ಒಂದೇ ಒಂದು ಸಲ, "ಸುಮ್ನಿರು, ಬ್ರೆಡ್ಡು ಸೀಯುತ್ತೆ" ಅಂದಿದ್ದರು.

"ಏನಂದೆ?" ಅಂದೆ, ದನಿ ತಗ್ಗಿಸಿ, ಆದಷ್ಟು ಗೊಗ್ಗರು ಮಾಡಿಕೊಂಡು.

ಅತ್ತೆ ನಕ್ಕರು. ಆಮೇಲೆ ಕೈ ಸವರುತ್ತಾ ಸವರುತ್ತಾ ನಿದ್ದೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫೆಬ್ರವರಿ ೧೨, ಬುಧವಾರ

ಗುಳ್ಳೆ ಒಡೆದಿದೆ. ತಾನಾಗಿಯೇ.

ಹೆಚ್ಚುಕಮ್ಮಿ ತಾನಾಗಿಯೇ.

ಫೆಬ್ರವರಿ ೧೯, ಬುಧವಾರ

ಹಿಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅವರ ಕೆಮ್ಮೇ, ಎರಡು ಸಲ ಒಣಗಿದ ಹಾಗೆ, ಆಮೇಲೆ ಒಂದು ಉದ್ದ ಉಸಿರು. ಕೈಯಲ್ಲಿದ್ದ ಟ್ರೇ ಹಾಗೇ ನಿಂತಿತು. ಗುಂಡಣ್ಣ ನನ್ನ ಮುಖ ನೋಡುತ್ತಿದ್ದ. "ನೀವೇ ಅಕ್ಕಾ ಕೆಮ್ಮಿದ್ದು" ಅಂದ. ಹಿಟ್ಟಿನ ಧೂಳು ಇರಬೇಕು.

ಅವನು ಇನ್ನೊಂದು ಮಾತು ಹೇಳಿದ. "ನೀವು ಬೈದು ಎಷ್ಟು ದಿನ ಆಯ್ತಕ್ಕ? ನಿನ್ನೆ ಉಪ್ಪು ಹಾಕೋದು ಮರೆತಿದ್ದೆ. ‘ಹೂಂ’ ಅಂದ್ರಿ, ಹೋದ್ರಿ. ಹೆದರಿಕೆ ಆಯ್ತು." ಬೈಸಿಕೊಳ್ಳದೆ ಹೆದರೋ ಗಂಡಸನ್ನ ಇವನೊಬ್ಬನನ್ನೇ ನೋಡಿದ್ದು.

ಟ್ರೇ ತೆಗೆಯೋ ಹೊತ್ತು ಈಗ ಗಡಿಯಾರ ನೋಡದೆ ಗೊತ್ತಾಗುತ್ತೆ. ಹಿಂದೆ ಯಾರೋ ನಿಂತು "ಈಗ" ಅಂದ ಹಾಗೆ. ತಿರುಗಿ ನೋಡುವುದಿಲ್ಲ. ನೋಡಿದರೆ ಇರುವುದಿಲ್ಲ ಅಂತ ಗೊತ್ತು, ಅದಕ್ಕೇ.

ಚಹಾಕ್ಕೆ ಸಕ್ಕರೆ ಹಾಕೋದು ಬಿಟ್ಟಿದ್ದೇನೆ, ಅವರ ಹಾಗೇ. ರುಚಿಸುವುದಿಲ್ಲ.

ಫೆಬ್ರವರಿ ೨೩, ಭಾನುವಾರ

ಇವತ್ತು ಅಮ್ಮ ಹೇಳಿದರು.

ನಾನು ಕೇಳಲೂ ಇಲ್ಲ. ಕೈ ಹಿಡಿದುಕೊಂಡೇ ಕೂತಿದ್ದರು. ಇದ್ದಕ್ಕಿದ್ದ ಹಾಗೆ, "ನೀನಂದದ್ದು ಸರಿಯಾಗಿತ್ತು ಬಿಡು ಮರಿ" ಅಂದರು. "‘ನಂಗೆ ಮಾತಾಡೋಕೆ ಬರಲ್ಲಮ್ಮ. ಅವಳು ಮಾತಾಡ್ತಿದ್ರೆ ನಾನೇ ಮಾತಾಡಿದ ಹಾಗೆ ಹಗುರ ಆಗುತ್ತೆ’ ಅಂದೆಯಲ್ಲ. ಆಗ ನಂಗೆ ನಗು ಬಂತು. ಆಮೇಲೆ ನಿಜ ಅನ್ನಿಸ್ತು."

ಅಂಗಡಿಗೆ ಇಳಿದು ಬಂದು ಒಂದು ಮಾತೂ ಆಡದೆ ಸಂಜೆವರೆಗೆ ಬ್ರೆಡ್ ಕೊಯ್ದೆ. ಅಳು ಬರಲಿಲ್ಲ. ಅವರು ಹೋದಾಗಲೂ ಬಂದಿರಲಿಲ್ಲ. ಆದರೆ ಆ ಮಾತು ಕಿವಿಯಲ್ಲಿ ಅವರ ದನಿಯಲ್ಲೇ ಕೇಳುತ್ತಿದೆ, ಅಮ್ಮನ ದನಿಯಲ್ಲಲ್ಲ. ಇನ್ನೂ ಇರಬೇಕು, ಇಂಥ ಮಾತು ಎಷ್ಟಿದೆಯೋ ಆ ಮುದುಕಿಯ ತಲೆಯೊಳಗೆ! ಎಲ್ಲವೂ ನನಗೆ ಬೇಕು. ಒಂದೂ ಬಿಡದೆ ಬೇಕು.

ಕೈ ಒಣಗುತ್ತಾ ಬಂದಿದೆ. ತೆಳ್ಳಗೆ ಹಕ್ಕಳೆ ಕಟ್ಟಿದೆ, ಅಂಚಿನಲ್ಲಿ ಏಳುತ್ತಿದೆ. ನರ್ಸಕ್ಕ ನೋಡಿ, "ಭೇಷ್, ಕಲೆನೂ ಉಳಿಯಲ್ಲ" ಅಂದಳು. ಅವಳ ಮುಖಕ್ಕೆ ಹೊಡೆಯೋಣ ಅನ್ನಿಸಿತು.

ಮಾರ್ಚ್ ೧, ಶನಿವಾರ

ಅಮ್ಮ ಕೈ ಹಿಡಿದರು. ಬೆರಳು ಓಡಿಸಿದರು, ಮೇಲೆ, ಕೆಳಗೆ, ಮತ್ತೆ ಮೇಲೆ. ಚರ್ಮ ನುಣ್ಣಗೆ.

"ಇದು ಯಾರ ಕೈ? ಮರಿ ಎಲ್ಲಿ?"

"ಹೂಂ" ಅಂದೆ.

ಕೈಯನ್ನ ಆಚೆ ತಳ್ಳಿದರು. ಹಾಸಿಗೆಯೆಲ್ಲಾ ತಡಕಾಡಿದರು. "ಮರೀ, ಮರೀ" ಅಂತ ಬಾಗಿಲ ಕಡೆ ತಿರುಗಿ ಕೂಗಿದರು. ಕೆಳಗಿನ ಗಿರಾಕಿಗಳಿಗೂ ಕೇಳಿಸಿತಂತೆ. ಮಗಳು ಓಡಿಬಂದು, "ಭಟ್ಟಿ ಹತ್ರ ಇದ್ದಾರೆ ಅಜ್ಜಿ, ಭಟ್ಟಿ ಹತ್ರ ಇದ್ದಾರೆ" ಅಂದಳು. ಅನ್ನುವಾಗ ನನ್ನ ಮೈಮೇಲಿದ್ದ ಶರ್ಟನ್ನೇ ನೋಡುತ್ತಿದ್ದಳು.

ಮಾರ್ಚ್ ೨, ಭಾನುವಾರ

ಇವತ್ತು ಮತ್ತೆ ತಾಗಿತು. ಅದೇ ಜಾಗಕ್ಕೆ.

ತಾಗಿಸಿಕೊಂಡೆ ಅಂತ ಬರೀಬೇಕಾ? ತಾಗಿತು.

ಅಮ್ಮ ನಕ್ಕರು.

ಮಾರ್ಚ್ ೬, ಗುರುವಾರ

ನೀರು ಹಾಕಿಲ್ಲ. ಕಟ್ಟಿಲ್ಲ. ಹಾಗೇ ಇರಲಿ.

ಮಗಳು ಊಟಕ್ಕೆ ಕೂತಾಗ, "ಅಮ್ಮ, ಒಂದ್ಸಲ ಬೈಯಮ್ಮ" ಅಂದಳು. ಕಾಲೇಜಿಗೆ ಹೋಗೋ ಹುಡುಗಿ, ಹತ್ತೊಂಬತ್ತು ವರ್ಷ, ಏನು ಹುಡುಗಾಟ. "ಪಾತ್ರೆ ಹಾಗೇ ಬಿಟ್ಟಿದೀನಿ, ಲೈಟ್ ಆರಿಸಿಲ್ಲ, ಮೂರು ದಿನದಿಂದ ತಲೆ ಬಾಚಿಲ್ಲ. ಬೈಯಿ." ನಾನು ಏನನ್ನಲಿ? ಹೂಂ ಅಂದೆ. ತಟ್ಟೆ ಬಿಟ್ಟು ಎದ್ದುಹೋದಳು.

ಅವಳಿಗೂ ಅವಳ ತಾಯಿಯ ಹಾಗೇ ಮೂಗಿನ ತುದಿಯಲ್ಲಿ ಸಿಟ್ಟು.

ಮಾರ್ಚ್ ೮, ಶನಿವಾರ

ಜ್ವರ. ಕೈ ಮೊಣಕೈವರೆಗೆ ಕೆಂಪಗೆ, ಮುಟ್ಟಿದರೆ ಬಿಸಿ. ಮಗಳೇ ನರ್ಸಕ್ಕನನ್ನ ಕರೆತಂದಳು. ಅವಳು ನೋಡಿದಳು. ಗಟ್ಟಿ ದನಿಯಲ್ಲಿ ಬೈಯುತ್ತಾಳೆ ಅಂದುಕೊಂಡಿದ್ದೆ. ಮೆತ್ತಗೆ ಕೇಳಿದಳು.

"ಗಾಯದ ಮೇಲೆ ಬರೆ ಯಾರು ಎಳ್ದಿದ್ದು?"

ನಾನು ಗೋಡೆ ನೋಡಿದೆ.

"ಚೂರು ಸುಟ್ಟಿದ್ದು ಮನೇಲೇ ವಾಸಿ ಆಗುತ್ತೆ. ಕೀವಾಗಿದ್ದು ಆಗಲ್ಲ. ಏಳು, ಡಾಕ್ಟರ ಹತ್ರ."

ಡಾಕ್ಟರು ಮಾತ್ರೆ ಬರೆದುಕೊಟ್ಟು, ದಪ್ಪಗೆ ಪಟ್ಟಿ ಸುತ್ತಿಸಿ ಕಳಿಸಿದ್ದಾರೆ. ಭಟ್ಟಿ ಹತ್ತಿರ ಸುಳಿಯೋ ಹಾಗಿಲ್ಲ. ನರ್ಸಕ್ಕ ದಿನಾ ಬಂದು ನನ್ನ ಜೊತೆ ಕೂತು ಮಾತಾಡುತ್ತಾಳಂತೆ. ಕೈಯ ವಿಷಯ ಅಲ್ಲ, ಬೇರೆ ವಿಷಯ ಅಂದಳು. ಏನು ವಿಷಯವೋ.

ಅಮ್ಮ ಪಟ್ಟಿ ಮುಟ್ಟಿ, "ಇದೇನೋ ಬಟ್ಟೆ?" ಅಂತ ಕೇಳುತ್ತಲೇ ಇದ್ದಾರೆ.

ಮಾರ್ಚ್ ೧೧, ಮಂಗಳವಾರ

ತುಂಬಾ ತಡವಾಗಿದೆ. ಆದರೂ ಬರೆದೇ ಮಲಗುತ್ತೇನೆ.

ನಾನಿಲ್ಲದ ಮೇಲೆ ಭಟ್ಟಿ ಯಾರು ನೋಡಬೇಕು? ಗುಂಡಣ್ಣನೇ ಕಲಸಿ ಅವನೇ ಬೇಯಿಸೋಕೆ ಆಗುತ್ತಾ? ಮಗಳು ಕಾಲೇಜಿಗೆ ರಜ ಹಾಕಿ ಇಳಿದಿದ್ದಳು. ನನಗೆ ಹೇಳಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಆ ಶರ್ಟನ್ನೇ ಹಾಕಿಕೊಂಡಿದ್ದಳು. ನಾನು ಮಹಡಿಯಲ್ಲಿ ಮಲಗಿದ್ದೆ, ಕಿರುಚಿದ್ದು ಕೇಳಿತು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅವಳು ಎಡಗೈ ಹಿಡಿದುಕೊಂಡು ನಿಂತಿದ್ದಳು. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ. ಅದೇ ಜಾಗ. ಸ್ಪ್ರಿಂಗ್ ಸತ್ತ ಆ ಬಾಗಿಲು ಯಾರಿಗಾದರೂ ಅಲ್ಲೇ ತಾನೇ ಸುಡೋದು! ಅವರಿಗೆ ಅಲ್ಲೇ, ನನಗೆ ಅಲ್ಲೇ, ಇವಳಿಗೂ ಅಲ್ಲೇ. ಅದರಲ್ಲಿ ದೆವ್ವ ಏನಿದೆ, ಬರೀ ಕೆಟ್ಟ ಬಾಗಿಲು.

ಆಗ ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. "ಕತ್ತೆ! ಯಾರು ಹೇಳಿದ್ರು ನಿಂಗೆ ಭಟ್ಟಿ ಮುಟ್ಟು ಅಂತ? ಕಣ್ಣೇನು ಕಪಾಟಲ್ಲಿ ಇಟ್ಟು ಬಂದಿದ್ಯಾ? ವಾಚ್ ಬಿಚ್ಚು! ಬಾ ಇಲ್ಲಿ, ನಲ್ಲಿ ಕೆಳಗೆ ಹಿಡಿ! ಗುಂಡಣ್ಣ, ಆ ಟೂತ್‌ಪೇಸ್ಟ್ ತಗೊಂಡು ಹತ್ರ ಬಂದ್ರೆ ನೋಡು, ನಿನ್ನ ಬಾಯಿಗೇ ತುರುಕ್ತೀನಿ!"

ಮಗಳು ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ. ನನ್ನ ಪಟ್ಟಿ ಕಟ್ಟಿದ ಕೈಯಲ್ಲಿ ಅವಳ ಭುಜ ಹಿಡಿದು, ಒಳ್ಳೇ ಕೈಯಲ್ಲಿ ಅವಳ ಕೈಯನ್ನ ನೀರಿನ ಕೆಳಗೆ ಹಿಡಿದೆ. ತೆಗೀತೀನಿ ಸಾಕು ಅಂದಳು. ಬಿಡಲಿಲ್ಲ. ತೊಳೆಯೋದು, ಒತ್ತಿ ಒರೆಸೋದು, ಮುಚ್ಚೋದು, ಇನ್ನೆರಡು ವಾರ ಒಂದೊಂದೂ ನಾನೇ ಮಾಡಬೇಕು, ಒಂದು ಗೀರೂ ಉಳೀಬಾರದು ಅಂತ ಆ ನೀರಿನ ಮುಂದೆ ಲೆಕ್ಕ ಹಾಕುತ್ತಿದ್ದೆ.

ಹಿಂದೆ ಗೋಡೆ ತಡವುವ ಸದ್ದಾಯಿತು. ಅತ್ತೆ. ತಿಂಗಳುಗಟ್ಟಲೆ ಮೆಟ್ಟಿಲು ಇಳಿಯದವರು ಗದ್ದಲ ಕೇಳಿ ಒಬ್ಬರೇ ಇಳಿದು ಬಂದಿದ್ದರು. ನೀರಿನ ಸದ್ದಿಗೆ ಬಂದು, ತೊಟ್ಟಿಯೊಳಗೆ ಕೈ ಹಾಕಿ, ಮಗಳ ಕೈ ಹಿಡಿದರು. ಬೆರಳು ಬರೆಯನ್ನ ಹುಡುಕಿಕೊಂಡು ಹೋಯಿತು. ಸಿಕ್ಕಿತು.

"ಮರೀ. ಇಲ್ಲೇ ಇದ್ದೀಯಾ."

ಮಗಳು ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು, ಅವಳು ಈಗ ಬಾಯಿ ತೆರೆಯುತ್ತಾಳೆ. ಏನನ್ನುತ್ತಾಳೆ ಅಂತಲೂ ಗೊತ್ತಾಯಿತು. ತುಟಿ ಆಗಲೇ ಆ "ಹೂಂ"ಗೆ ದುಂಡಗಾಗುತ್ತಿತ್ತು. ಮೈಮೇಲೆ ಆ ಶರ್ಟು. ಹತ್ತೊಂಬತ್ತು ವರ್ಷ.

"ಅಲ್ಲ ಅತ್ತೆ" ಅಂದೆ. "ಅದು ನಿಮ್ಮ ಮೊಮ್ಮಗಳ ಕೈ. ನಿಮ್ಮ ಮಗ ಹೋಗಿಬಿಟ್ರು. ಚಳಿಗಿಂತ ಮುಂಚೆನೇ ಹೋದ್ರು. ಭಟ್ಟಿ ಹತ್ರ ಇಲ್ಲ. ಎಲ್ಲೂ ಇಲ್ಲ."

ಅತ್ತೆ ಎದೆ ಬಡಿದುಕೊಳ್ಳಲಿಲ್ಲ. ನೀರು ಹರಿಯುತ್ತಲೇ ಇತ್ತು. ಮೊಮ್ಮಗಳ ಕೈ ಇನ್ನೊಮ್ಮೆ ಸವರಿ ಕೇಳಿದರು.

"ಮತ್ತೆ ಇಷ್ಟು ದಿನ ನನ್ನ ಹತ್ರ ಕೂತಿದ್ದು ಯಾರು?"

"ನಾನು."

"ನೀನಾ?" ಅಂದರು. "ಅಯ್ಯೋ ನನ್ನವ್ವ, ಆ ಗೊರಕೆ ವಿಷಯ ಎಲ್ಲಾ ನಿನಗೇ ಹೇಳಿಬಿಟ್ನಾ?"

ಆಗ ಬಂತು. ನಾಲ್ಕು ತಿಂಗಳ ಮೇಲೆ ಬಂತು. ನಲ್ಲಿ ತೊಟ್ಟಿ ಹಿಡಿದುಕೊಂಡು ಬೋರಾಡಿ ಅತ್ತುಬಿಟ್ಟೆ. ಅತ್ತೆ ಒದ್ದೆ ಕೈಯಲ್ಲೇ ನನ್ನ ತಲೆ ಹುಡುಕಿ ಸವರಿದರು. ಮಗಳು ಮಾತ್ರ ಕೈ ನೀರಿನಿಂದ ತೆಗೆಯಲಿಲ್ಲ, ಬೈಯುತ್ತೇನೆ ಅಂತ.

ಮಾರ್ಚ್ ೧೨, ಬುಧವಾರ

ಗುಂಡಣ್ಣ ಯಾರನ್ನೋ ಕರೆತಂದು ಬಾಗಿಲಿಗೆ ಹೊಸ ಸ್ಪ್ರಿಂಗ್ ಹಾಕಿಸಿದ. ನನ್ನನ್ನ ಕೇಳಲೂ ಇಲ್ಲ. ಬೈದೆ.

ಅತ್ತೆ ಎದ್ದ ತಕ್ಷಣ, "ಮರಿ ಬಂದ್ನಾ?" ಅಂದರು. ನಿನ್ನೆಯದು ಒಂದೂ ನೆನಪಿಲ್ಲ. ಪಕ್ಕದಲ್ಲಿ ಕೂತು ಮತ್ತೆ ಹೇಳಿದೆ. ಮತ್ತೆ ಮೊದಲಿಂದ ಅತ್ತರು. ಈ ಸಲ ನಾನೂ ಜೊತೆಗೆ.

ಮಾರ್ಚ್ ೩೦, ಭಾನುವಾರ

ಮಗಳ ಕೈ ವಾಸಿಯಾಯಿತು. ಬೆಳಕಿಗೆ ಹಿಡಿದರೆ ಚೂರು ತಿಳಿಗೆಂಪು, ಅಷ್ಟೇ. ಅದೂ ಹೋಗುತ್ತೆ. ನನ್ನದಕ್ಕೆ ಕಲೆ ಉಳಿಯಿತು, ಆದರೆ ಮೆತ್ತಗಿದೆ, ಕೈಗೆ ಸಿಗುವುದಿಲ್ಲ. ನರ್ಸಕ್ಕ ಈಗಲೂ ಸಂಜೆ ಬಂದು ಕೂರುತ್ತಾಳೆ. ಅವಳಿಗೆ ಮಾತಾಡಲು ಬಿಟ್ಟರೆ ತಾನೇ! ನಾನೇ ಆಡುತ್ತಿರುತ್ತೇನೆ.

"ದಿನಾ ಹೇಳಲೇಬೇಕಾ ಅಮ್ಮ? ಪಾಪ ಅಲ್ವಾ ಅಜ್ಜಿ?" ಅಂತಾಳೆ ಮಗಳು. ಪಾಪವೇ. ಆದರೆ ಭಟ್ಟಿ ಹತ್ರ ಇದ್ದಾರೆ ಅಂದರೆ ಯಾರಾದರೂ ಹೋಗಿ ಅಲ್ಲಿ ಅವರಾಗಿ ನಿಲ್ಲಬೇಕಾಗುತ್ತೆ. ನನ್ನ ಮನೆಯಲ್ಲಿ ಇನ್ನು ಯಾರೂ ನಿಲ್ಲುವುದು ಬೇಡ. ಅತ್ತೆ ಕೆಲವು ದಿನ ಅಳುತ್ತಾರೆ, ಕೆಲವು ದಿನ "ಹೌದಲ್ಲ" ಅನ್ನುತ್ತಾರೆ. ಕೇಳದ ದಿನ ನಾನಾಗಿ ಹೇಳಲು ಹೋಗುವುದಿಲ್ಲ.

ಇವತ್ತು ಮಧ್ಯಾಹ್ನ ಚಹಾ ಕೊಟ್ಟೆ. ಕೈ ಹಿಡಿದರು. ಬೆರಳು ಮೇಲೆ, ಕೆಳಗೆ ಓಡಿಸಿದರು. ಏನೂ ಸಿಗಲಿಲ್ಲ. ಕೈ ತಳ್ಳುತ್ತಾರೆ ಅಂತ ಕಾದೆ.

"ಅವನು ಇಲ್ಲ, ಅಲ್ವಾ?" ಅಂದರು.

"ಇಲ್ಲ ಅತ್ತೆ."

ಕೈ ಬಿಡಲಿಲ್ಲ. ಗೋಡೆ ಕಡೆ ಸ್ವಲ್ಪ ಸರಿದು ಮಂಚದ ಅಂಚಿನಲ್ಲಿ ಜಾಗ ಮಾಡಿದರು.

"ಹಾಗಾದ್ರೆ ನೀನಾದ್ರೂ ಕೂತ್ಕೋ. ಏನಾದ್ರೂ ಮಾತಾಡು."

ಕೂತೆ. ಆಮೇಲೆ ಅವರ ಮಗನ ಬಗ್ಗೆಯೇ ಹೇಳತೊಡಗಿದೆ. ಕತ್ತಲಾಗುವವರೆಗೂ ಹೇಳಿದೆ. ಅತ್ತೆ "ಹೂಂ", "ಹೂಂ" ಅನ್ನುತ್ತಾ ಕೇಳಿದರು.